ಘಾಟಿ ಇಳಿಯದೇ ಬರುವ ವಾಂತಿ

ಕಂಪ್ಯೂಟರ್ ಗೇಮ್ ಆಡಿದ್ರೆ ವಾಂತಿ ಬಂದ ಹಾಗಾಗುತ್ತೆ ಅಂದ್ರೆ ನಗೋರೇ ಜಾಸ್ತಿ. ಸ್ವಲ್ಪ ತಿಳಿದೋರು "ಆಡ್ತಾ ಆಡ್ತಾ ಅಭ್ಯಾಸ ಆಗುತ್ತೆ ಬಿಡು" ಅಂತಾರೆ. ನಂಗೆ ಈ ಎರಡನೇ ಜನರ ಮೇಲೇ ಸಿಟ್ಟು ಹೆಚ್ಚು.

ಹೊಟ್ಟೆ ತೊಳಸೋದು ಅಂದ್ರೇನು ಅಂತ ನಮ್ಮ ನಿಲ್ಕುಂದದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕುಮಟೆಗೆ ಅಂತ ಘಾಟಿ ಇಳಿದವರಿಗೆಲ್ಲ ಗೊತ್ತು. ಕಿಟಕಿ ಪಕ್ಕದ ಸೀಟು, ಮೂಗಿನ ಹತ್ರ ಲಿಂಬೆಹಣ್ಣು, ಬಾಯಲ್ಲಿ ಶುಂಠಿ ಚೂರು, ಹೊರಡೋ ಮೊದಲೇ ನುಂಗಿದ ಅವೋಮಿನ್ ಮಾತ್ರೆ... ಇಷ್ಟಾದ ಮೇಲೂ ಕೆಲವರು ಕಿಟಕಿಯಿಂದ ತಲೆ ಹೊರಗೆ ಹಾಕೋದೇ! ಅದೇ ಬಸ್ಸಿನ ಡ್ರೈವರಣ್ಣ ಮಾತ್ರ ಆರಾಮಾಗಿರ್ತಾನೆ. ಮುಂದಿನ ತಿರುವು ಅವನ ಕೈಯಲ್ಲೇ ಇದೆ, ಮೈ ಮೊದಲೇ ತಯಾರಾಗಿರುತ್ತೆ.

ಬಸ್ಸಿನಲ್ಲಿ ಒಳಗಿವಿ "ತಿರುಗ್ತಾ ಇದೀವಿ" ಅನ್ನುತ್ತೆ, ಎದುರಿನ ಸೀಟು ನೋಡ್ತಿರೋ ಕಣ್ಣು "ಇಲ್ವಲ್ಲ" ಅನ್ನುತ್ತೆ. ಗೇಮಿನಲ್ಲಿ ಇದು ಉಲ್ಟಾ. ಕಣ್ಣು ಓಡ್ತಾ ಇದೆ, ಕಿವಿ ಕುರ್ಚಿಯಲ್ಲಿ ಕೂತಿದೆ. ಇವೆರಡರ ಜಗಳ ಕಂಡ ಮಿದುಳು ಏನೋ ವಿಷ ಹೊಟ್ಟೆಗೆ ಹೋಗಿದೆ ಅಂತ ತಿಳಿದು ಕಕ್ಕಿಸುತ್ತೆ ಅನ್ನೋದು 1977ರಲ್ಲಿ ಟ್ರೈಸ್‌ಮನ್ ಮಂಡಿಸಿದ ಊಹೆ. ಊಹೆಯೇ ಆದ್ರೂ ನಂಗಿಷ್ಟ. ಕಾಯಿಲೆ ಅಲ್ಲ, ಕಾವಲುಗಾರನ ಅತಿ ಎಚ್ಚರ ಅಂದ ಹಾಗಾಯ್ತಲ್ಲ.

ನನ್ನ ಚಿಕ್ಕಮ್ಮನ ಮಗಳು ದೀಪಾವಳಿ ರಜೆಯಲ್ಲಿ ಮನೆ ಹುಡುಗ್ರ ಜೊತೆ ಮೈನ್‌ಕ್ರಾಫ್ಟ್ ಆಡೋಕೆ ಕೂತು ಹತ್ತೇ ನಿಮಿಷಕ್ಕೆ ಎದ್ದಳು. "ಅಣ್ಣಾ, ಯಂಗೆ ಆಗ್ತಿಲ್ಲೆ, ತಲೆ ತಿರುಗ್ತು." ಹುಡುಗ್ರ ತೀರ್ಪು: "ನಿಂಗೆ ಇದೆಲ್ಲ ಆಗ್ತಿಲ್ಲೆ ಬಿಡೇ." ಅಷ್ಟಕ್ಕೆ ಅವಳು ಲ್ಯಾಪ್‌ಟಾಪ್ ಹತ್ರ ಬರೋದನ್ನೇ ಬಿಟ್ಟಳು. ಕಂಪ್ಯೂಟರ್ ಸೈನ್ಸ್ ತಗೋಬೇಕು ಅಂತಿದ್ದ ಹುಡುಗಿ ಮಾರಾಯ್ರೇ!

ಮಾಡಬೇಕಾಗಿದ್ದು ಎರಡು ನಿಮಿಷದ ಕೆಲಸ. ಅದರಲ್ಲಿ 'ವ್ಯೂ ಬಾಬಿಂಗ್' ಅಂತ ಒಂದಿದೆ, ನಡೆಯುವಾಗ ನೋಟವನ್ನ ಮೇಲೆ ಕೆಳಗೆ ಕುಣಿಸೋದು. ಅದನ್ನ ಆಫ್ ಮಾಡಿದೆ. ಆಮೇಲೆ ಫೀಲ್ಡ್ ಆಫ್ ವ್ಯೂ, ಅಂದ್ರೆ ಎಷ್ಟು ಅಗಲದ ಲೋಕ ತೆರೆಯಲ್ಲಿ ಕಾಣಬೇಕು ಅನ್ನೋ ಕೋನ. ಮೈನ್‌ಕ್ರಾಫ್ಟಲ್ಲಿ ಅದು ಮೊದಲಿಗೆ 70 ಇರುತ್ತೆ, 85ಕ್ಕೆ ಏರಿಸಿದೆ. ಹಳೇ ಲ್ಯಾಪ್‌ಟಾಪ್ ತಡವರಿಸ್ತಿತ್ತು, ಹಾಗಾಗಿ ದೂರದ ಗುಡ್ಡಬೆಟ್ಟ ತೋರಿಸೋದನ್ನ ಕಡಿಮೆ ಮಾಡಿದೆ. ಮೌಸ್ ತಿರುಗಿಸಿ ಎಷ್ಟೋ ಹೊತ್ತಿಗೆ ಚಿತ್ರ ತಿರುಗಿದ್ರೆ ಡ್ರೈವರಣ್ಣನೂ ಪ್ರಯಾಣಿಕನೇ ಆಗಿಬಿಡ್ತಾನೆ ನೋಡಿ. ಕೋಣೆಯ ಲೈಟು ಹಾಕಿಸಿ, ತೆರೆಯಿಂದ ಸ್ವಲ್ಪ ಹಿಂದೆ ಕೂರಿಸಿದೆ, ತೆರೆಯಾಚೆಯ ಅಲುಗದ ಗೋಡೆ ಕಣ್ಣಿಗೆ ಬೀಳ್ತಾ ಇರಲಿ ಅಂತ. ಆ ದಿನ ಮುಕ್ಕಾಲು ಗಂಟೆ ಆಡಿದಳು. ಎಲ್ಲರಿಗೂ ಇಷ್ಟೇ ಸಾಕಾಗುತ್ತೆ ಅಂತ ನಾನು ಹೇಳಲ್ಲ.

ಈ ಕೋನದ ವಿಷಯದಲ್ಲಿ ನಂಗೆ ಗೇಮ್ ಮಾಡೋರ ಮೇಲೇ ತಕರಾರು. ಎಂಟಡಿ ದೂರದ 43 ಇಂಚಿನ ಟಿವಿ ನಮ್ಮ ನೋಟದಲ್ಲಿ ಸುಮಾರು 22 ಡಿಗ್ರಿ ತುಂಬುತ್ತೆ, ಎರಡಡಿ ದೂರದ 24 ಇಂಚಿನ ಮಾನಿಟರ್ ಸುಮಾರು 47 (ಲೆಕ್ಕ ಬೇಕಾದ್ರೆ ನೀವೇ ಹಾಕಿ ನೋಡಿ, ಪಿಯುಸಿ ತ್ರಿಕೋನಮಿತಿ ಸಾಕು). ಸೋಫಾದಲ್ಲಿ ಕೂತವನಿಗೆ ಅಂತ ಇಟ್ಟ ಕಿರಿದಾದ ಕೋನವನ್ನೇ ಮೇಜಿನ ಮುಂದೆ ಕೂತವನಿಗೂ ಕೊಟ್ರೆ ದುರ್ಬೀನು ಹಿಡ್ಕೊಂಡು ಓಡಿದ ಹಾಗಾಗುತ್ತೆ. ಮನಸ್ಸು ಮಾಡಿದ್ರೆ ಪರಿಹಾರ ಹೊಳೆಯದೇ ಇರೋದೇನಲ್ಲ. ಮನೆ ಮಾಳಿಗೆಗಳ ಮೇಲೆ ಹಾರಿ ಓಡೋ ಮಿರರ್ಸ್ ಎಡ್ಜ್ ಗೇಮಿನಲ್ಲಿ 2008ರಲ್ಲೇ ತೆರೆಯ ನಡುವೆ ಒಂದು ಚಿಕ್ಕ ಚುಕ್ಕೆ ಇಟ್ಟಿದ್ರು, ಕಣ್ಣಿಗೊಂದು ಆಸರೆ ಇರಲಿ ಅಂತ.

ಮೊದಲ ಸಲ ತೆರೆದಾಗ ಬೆಳಕು ಎಷ್ಟಿರಲಿ, ಯಾವ ಭಾಷೆ ಅಂತ ಕೇಳ್ತಾರಲ್ಲ, ಅಲ್ಲೇ ಈ ಕುಣಿತ ಬೇಕಾ ಬೇಡವಾ ಅಂತಲೂ ಕೇಳೋಕೇನು? ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯೋನು ನಾನು. ಒಂದು ಚೆಕ್‌ಬಾಕ್ಸನ್ನ ಮೊದಲ ಪುಟಕ್ಕೆ ತರೋದು ಎಷ್ಟು ಕೆಲಸ ಅಂತ ನಂಗೆ ಗೊತ್ತು.

ಅಭ್ಯಾಸ ಆಗೋದೇ ಇಲ್ಲ ಅಂತಲ್ಲ. ದಿನಾ ಸ್ವಲ್ಪ ಸ್ವಲ್ಪ ಆಡಿದ್ರೆ ಎಷ್ಟೋ ಜನಕ್ಕೆ ಆಗುತ್ತೆ. ಆದ್ರೆ ಹಲ್ಲು ಕಚ್ಚಿ ಕೂತ್ರೆ ಆಗೋದಲ್ಲ, ಮುಂದಿನ ಸಲ ಗೇಮ್ ಹೆಸರು ಕೇಳಿದ್ರೇ ಹೊಟ್ಟೆ ತೊಳಸೋ ಹಾಗಾಗಬಹುದು. ಆಕಳಿಕೆ, ತಣ್ಣನೆ ಬೆವರು, ಬಾಯಲ್ಲಿ ನೀರು ಶುರುವಾಯ್ತಾ, ಅಲ್ಲಿಗೇ ಎದ್ದು ಜಗುಲಿಗೆ ಬಂದು ದೂರದ ಅಡಿಕೆ ಮರ ನೋಡ್ತಾ ಕೂರಿ. ಪೂರ್ತಿ ಸರಿಹೋಗೋ ತನಕ ಬೈಕಿನ ಕೀಲಿಗೆ ಮಾತ್ರ ಕೈ ಹಾಕಬೇಡಿ.