ವೈದ್ಯಶಿಕ್ಷಣದಲ್ಲಿ ವೈವಿಧ್ಯ ಮತ್ತು ದುಭಾಷಿಯ ಸ್ಥಾನ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಊರುಗಳಿಗೂ ಹಾಡಿಗಳಿಗೂ ಪರದೇಶದ ವಿದ್ಯಾರ್ಥಿಗಳು ಆರೋಗ್ಯ ಕುರಿತ ಅಧ್ಯಯನಕ್ಕೆಂದು ಬರುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯ ಸಹಯೋಗದಲ್ಲಿ ತಮ್ಮ ಬೇಸಿಗೆ ರಜೆಯ ಅವಧಿಯಲ್ಲಿ ಮೈಸೂರಿಗೆ ಬಂದಿದ್ದಾರೆ. ಬೇರೆ ವಿಶ್ವವಿದ್ಯಾನಿಲಯಗಳ ತಂಡಗಳೂ ಬಂದಿವೆ. ಹೀಗೆ ಬರುವವರಲ್ಲಿ ಹಲವರು ವೈದ್ಯರೂ ಅಲ್ಲ, ವೈದ್ಯಕೀಯ ವಿದ್ಯಾರ್ಥಿಗಳೂ ಅಲ್ಲ. ಮುಂದೊಂದು ದಿನ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಬೇಕೆಂದಿರುವ ಪದವಿ ತರಗತಿಯವರು. ಅಮೆರಿಕದಲ್ಲಿ ವೈದ್ಯಶಿಕ್ಷಣಕ್ಕೆ ಸೇರುವುದು ಪದವಿಯ ನಂತರ. ಅಲ್ಲಿ ಪರೀಕ್ಷೆಯ ಅಂಕಗಳೊಂದಿಗೆ ಸಂಶೋಧನೆ, ಸೇವೆ, ರೋಗಿಗಳೊಡನೆ ಕಳೆದ ಗಂಟೆಗಳು, ಅರ್ಜಿದಾರನೇ ಬರೆದ ಆತ್ಮನಿವೇದನೆ ಇವೆಲ್ಲವೂ ಪರಿಶೀಲನೆಗೆ ಒಳಪಡುತ್ತವೆ. ಹಾಗಾಗಿ ಹಾಡಿಯೊಂದರಲ್ಲಿ ಕಳೆದ ಎಂಟು ವಾರಗಳಿಗೆ ಅಲ್ಲಿ ಒಂದು ಮೌಲ್ಯವಿದೆ.

ಇಂತಹ ಇಂಟರ್ನ್‌ಶಿಪ್‌ಗಳ ಹಿಂದೆ 'ವೈವಿಧ್ಯ' ಎಂಬ ಪರಿಕಲ್ಪನೆ ಅನೇಕ ವೇಳೆ ಕೆಲಸ ಮಾಡುತ್ತಿರುತ್ತದೆ. ವೈದ್ಯವೃತ್ತಿಯಲ್ಲಿ ಕಪ್ಪು ಜನ, ಮೂಲನಿವಾಸಿಗಳು, ಲ್ಯಾಟಿನ್ ಅಮೆರಿಕ ಮೂಲದವರು, ಬಡ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದವರು ಅವರವರ ಜನಸಂಖ್ಯೆಗೆ ತಕ್ಕಷ್ಟು ಇಲ್ಲ ಎಂಬ ಅರಿವಿನಿಂದ ಅಮೆರಿಕದಲ್ಲಿ ವೈದ್ಯಶಿಕ್ಷಣದ ಪೂರ್ವಸಿದ್ಧತೆಯ ಯೋಜನೆಗಳು ಹುಟ್ಟಿದವು. ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನದ ನೆರವಿನ ಬೇಸಿಗೆ ಯೋಜನೆ 1988ರಷ್ಟು ಹಳೆಯದು. ಲಂಡನ್ನಿನ ಕಿಂಗ್ಸ್ ಕಾಲೇಜು 2001ರಲ್ಲಿ ಹಿಂದುಳಿದ ಶಾಲೆಗಳ ಮಕ್ಕಳಿಗೆಂದೇ ಒಂದು ವರ್ಷ ಹೆಚ್ಚಿನ ಅವಧಿಯ ವೈದ್ಯಪದವಿಯನ್ನು ಆರಂಭಿಸಿತು. 2023ರ ಜೂನ್ ತಿಂಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ನಿರಾಕರಿಸಿದ ಮೇಲೆ ಅಲ್ಲಿ ಈ ಯೋಜನೆಗಳ ಭವಿಷ್ಯವೇ ವಿವಾದದ ವಸ್ತುವಾಗಿದೆ. ಅವುಗಳನ್ನು ಲಘುವಾಗಿ ಕಾಣುವುದು ಈ ಬರಹದ ಉದ್ದೇಶವಲ್ಲ. ಅವಕಾಶ ನಿರಾಕರಿಸಲ್ಪಟ್ಟ ಮನೆಯ ಹುಡುಗಿಯೊಬ್ಬಳು ಹೆಗ್ಗಡದೇವನಕೋಟೆಯ ಹಾಡಿಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವಾಗ ಅವಳ ಬಗ್ಗೆ ಗೌರವವೇ ಮೂಡುತ್ತದೆ. ನನ್ನ ಪ್ರಶ್ನೆ ಇರುವುದು ಅವಳ ಪಕ್ಕದಲ್ಲಿ ಕುಳಿತಿರುವ ಇನ್ನೊಬ್ಬಳ ಬಗ್ಗೆ, ಅಂದರೆ ದುಭಾಷಿಯ ಬಗ್ಗೆ.

ದುಭಾಷಿಯಾಗಿ ಬರುವವರು ಸಾಮಾನ್ಯವಾಗಿ ಇದೇ ತಾಲ್ಲೂಕುಗಳವರು. ಪದವಿ ಮುಗಿಸಿದವರು, ಸಮಾಜಕಾರ್ಯ ಓದುತ್ತಿರುವವರು, ಕೆಲವೊಮ್ಮೆ ಕನ್ನಡ ಎಂ.ಎ. ಮಾಡಿದವರು. ನಾನೂ ಸ್ನಾತಕೋತ್ತರ ಅಧ್ಯಯನದ ದಿನಗಳಲ್ಲಿ ಈ ಕೆಲಸ ಮಾಡಿದ್ದೇನೆ. ಇವರಿಗೆ ದಿನದ ಲೆಕ್ಕದಲ್ಲಿ ಗೌರವಧನವಿರುತ್ತದೆ, ಕೊನೆಗೊಂದು ಪ್ರಮಾಣಪತ್ರವೂ ಸಿಗುತ್ತದೆ. ಮೇಲುನೋಟಕ್ಕೆ ಇದು ಒಂದು ನುಡಿಯ ಪದವನ್ನು ಇನ್ನೊಂದು ನುಡಿಯ ಪದಕ್ಕೆ ಬದಲಿಸುವ ಯಾಂತ್ರಿಕ ಕೆಲಸ. ವಾಸ್ತವದಲ್ಲಿ ಹಾಗಿಲ್ಲ.

ವೈದ್ಯರು ನೋವನ್ನು ಅಳೆಯಲು ಒಂದರಿಂದ ಹತ್ತರವರೆಗಿನ ಅಳತೆಯೊಂದನ್ನು ಬಳಸುತ್ತಾರೆ. ನಮ್ಮ ಹಳ್ಳಿಗಳ ಹಿರಿಯರು ವಾಸಿಯಾಗುವುದನ್ನು ಆಣೆಯ ಲೆಕ್ಕದಲ್ಲಿ ಹೇಳುವುದು ಇನ್ನೂ ಉಳಿದಿದೆ. 'ಈಗ ಎಂಟಾಣೆ ವಾಸಿ ಕಣವ್ವ' ಎಂದು ಅಜ್ಜಿಯೊಬ್ಬರು ಹೇಳಿದರೆ ಅದು ಹದಿನಾರರಲ್ಲಿ ಎಂಟು, ಅಂದರೆ ಅರ್ಧ. ಅರಿಯದ ದುಭಾಷಿ ಅದನ್ನು ಹತ್ತರಲ್ಲಿ ಎಂಟು ಎಂದು ಬರೆಸಿದರೆ ಅರೆ ಗುಣವಾದ ರೋಗಿ ಕಾಗದದ ಮೇಲೆ ಬಹುಪಾಲು ಗುಣಮುಖಳಾಗಿಬಿಡುತ್ತಾಳೆ. 'ಸಂಕಟ' ಎಂಬ ಮಾತನ್ನೇ ನೋಡಬಹುದು. ಎದೆಯ ಬಳಿ ಆಗುವ ಹೇಳಲಾಗದ ಬಾಧೆಯೂ ಸಂಕಟವೇ, ವಾಂತಿ ಬರುವಂತಾಗುವುದೂ ಸಂಕಟವೇ, ಮನೆಯ ದುಃಖವೂ ಸಂಕಟವೇ. 'ಹೊಟ್ಟೆ ಉರಿ' ದೇಹದ್ದೋ ಮನಸ್ಸಿನದೋ ಎಂಬುದನ್ನು ಮಾತಿನ ಏರಿಳಿತ ಹೇಳಬೇಕು. 'ನಂಜು' ಎಂಬ ಪದದಲ್ಲಂತೂ ಕೀವು, ಬಾವು, ವಿಷ ಎಲ್ಲವೂ ಸೇರಿಕೊಂಡಿರುವುದಲ್ಲದೆ, ಬಾಣಂತಿ ಯಾವುದನ್ನು ತಿನ್ನಬಾರದೆಂಬ ಆಹಾರಶಾಸ್ತ್ರವೇ ಅಡಗಿದೆ. ಹೆರಿಗೆಯಾದ ಹೆಣ್ಣು ಬದನೆಕಾಯಿಯನ್ನು ಬಿಟ್ಟಿದ್ದಾಳೆಂದರೆ ಅವಳು ಅಜ್ಞಾನಿ ಎಂದು ತೀರ್ಮಾನಿಸುವ ಪ್ರಶ್ನಾವಳಿಗೂ, ಅವಳು ಒಂದು ವರ್ಗೀಕರಣವನ್ನು ಅನುಸರಿಸುತ್ತಿದ್ದಾಳೆಂದು ಗ್ರಹಿಸುವ ಪ್ರಶ್ನಾವಳಿಗೂ ನಡುವಿನ ಅಂತರವನ್ನು ತುಂಬುವವಳು ದುಭಾಷಿಯೇ.

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಬೆಳೆ ಜೀವನದ ಭಾಗ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈ ಸೇರಿ ತಲೆಸುತ್ತು, ವಾಕರಿಕೆ ತರುತ್ತದೆಂಬುದು ವೈದ್ಯವಿಜ್ಞಾನಕ್ಕೆ ತಿಳಿದ ಸಂಗತಿ. ಆದರೆ ಸೊಪ್ಪು ಮುರಿಯುವ ಹೆಣ್ಣುಮಗಳು ತನ್ನ ಕೆಲಸವನ್ನು ರೋಗದೊಡನೆ ಜೋಡಿಸಿ ಹೇಳುವುದಿಲ್ಲ. 'ತಲೆ ಸುತ್ತುತ್ತೆ, ಸುಸ್ತು' ಎನ್ನುತ್ತಾಳೆ, ಅಷ್ಟೇ. ಸೊಪ್ಪು ಮುರಿಯುವ ಕಾಲ ಯಾವುದು, ಬ್ಯಾರನ್‌ಗೆ ತುಂಬುವ ಮುನ್ನ ಎಷ್ಟು ಹೊತ್ತು ಒದ್ದೆ ಎಲೆಯನ್ನು ಮುಟ್ಟಬೇಕಾಗುತ್ತದೆ ಎಂಬುದನ್ನು ಬಲ್ಲವಳು ಮಾತ್ರ ಮುಂದಿನ ಪ್ರಶ್ನೆಯನ್ನು ಕೇಳಬಲ್ಲಳು. ರೋಗನಿರ್ಣಯದ ಮೊದಲ ಮೆಟ್ಟಿಲಾದ ರೋಗಿಯ ವೃತ್ತಾಂತ ಸಂಗ್ರಹವೆಂದರೆ ಇದೇ ಅಲ್ಲವೇ? ವೈದ್ಯಕೀಯ ಕಾಲೇಜಿನಲ್ಲಿ ಪ್ರಯತ್ನಪಟ್ಟು ಕಲಿಯಬೇಕಾದುದರಲ್ಲಿ ಅರ್ಧ ಭಾಗ ಈ ಹುಡುಗಿಗೆ ಊರಿನಿಂದಲೇ ಬಂದಿದೆ. ಆ ಅರಿವನ್ನು ಇನ್ನೊಬ್ಬರು ವೈದ್ಯರಾಗಲು ಬಳಸಿಕೊಳ್ಳಬಹುದು. ಅದೇ ಅರಿವು ಅವಳು ವೈದ್ಯೆಯಾಗಲು ಒಂದು ಅಂಕದಷ್ಟೂ ನೆರವಾಗದು. ನನಗೆ ಕಾಣುವ ವೈರುಧ್ಯ ಇದು.

ಅವಳ ದಾರಿಯನ್ನು ಗಮನಿಸೋಣ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. ಆಮೇಲೆ ಪದವಿಪೂರ್ವ ವಿಜ್ಞಾನ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಜೀವಕೋಶ, ದ್ಯುತಿಸಂಶ್ಲೇಷಣೆ ಎಂದು ಕಲಿತದ್ದೆಲ್ಲವೂ ಒಂದು ಬೇಸಿಗೆಯಲ್ಲಿ ಹೆಸರು ಬದಲಿಸಿಕೊಳ್ಳುತ್ತದೆ. ಅಲ್ಲಿ ಎಡವಿದವರು ಕಲಾ ವಿಭಾಗಕ್ಕೆ ಬರುತ್ತಾರೆ. ನಮ್ಮ ಕನ್ನಡ ವಿಭಾಗಗಳ ಬೆಂಚುಗಳಲ್ಲಿ ಇಂತಹವರು ಎಷ್ಟು ಜನರಿದ್ದಾರೆಂದು ಯಾರೂ ಎಣಿಸಿಲ್ಲ. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದ್ದನ್ನು ಒಂದು ಮಧ್ಯಾಹ್ನ ಕನ್ನಡದಲ್ಲಿ ಬರೆಯಿರಿ ಎನ್ನುವುದು ಹಕ್ಕಿನ ರೂಪದ ವಿನೋದ. ತರಬೇತಿ ಕೇಂದ್ರಗಳಿರುವುದು ಪಟ್ಟಣಗಳಲ್ಲಿ. ಅವುಗಳ ಶುಲ್ಕ, ಒಮ್ಮೆ ಸೋತರೆ ಮತ್ತೊಂದು ವರ್ಷ ಮನೆಯಲ್ಲಿ ಕುಳಿತು ಓದುವ ವೆಚ್ಚ ಇವನ್ನೆಲ್ಲ ಹೊಗೆಸೊಪ್ಪಿನ ಹರಾಜಿನ ದರವೋ ಭತ್ತದ ಬೆಲೆಯೋ ನಿರ್ಧರಿಸಬೇಕಾಗಿದೆ.

ರಾಜ್ಯವು ಏನನ್ನೂ ಮಾಡಿಲ್ಲವೆಂದಲ್ಲ. ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. 2022ರಲ್ಲಿ ಪರಿಶಿಷ್ಟ ಪಂಗಡಗಳ ಪಾಲನ್ನು ಶೇ. 3ರಿಂದ 7ಕ್ಕೆ ಏರಿಸುವ ನಿರ್ಧಾರವಾಯಿತು. ತಮಿಳುನಾಡು 2020ರಲ್ಲಿ, ನೀಟ್ ತೇರ್ಗಡೆಯಾದ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಮೀಸಲಿಟ್ಟ ಕ್ರಮ ಇನ್ನೂ ನೇರವಾದದ್ದು. ಆದರೆ ಮೀಸಲಾತಿ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯುತ್ತದೆಯೇ ಹೊರತು ಬಾಗಿಲವರೆಗಿನ ರಸ್ತೆಯನ್ನು ಹಾಕುವುದಿಲ್ಲ. ಜೇನುಕುರುಬರ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42 ಲಕ್ಷವನ್ನು ಮೀರಿದ್ದರೆ ಅದರಲ್ಲಿ ಜೇನುಕುರುಬರು ಸುಮಾರು 36 ಸಾವಿರ. ಕೊರಗರೊಡನೆ ಇವರನ್ನು ವಿಶೇಷವಾಗಿ ದುರ್ಬಲವಾದ ಬುಡಕಟ್ಟೆಂದು ಸರ್ಕಾರವೇ ಗುರುತಿಸಿದೆ. ಹಾಗಿದ್ದರೂ ಕಾಡಂಚಿನ ಆಶ್ರಮಶಾಲೆಯಲ್ಲಿ ಓದಿದ ಮಗು, ತಲೆಮಾರುಗಳಿಂದ ಪಟ್ಟಣದಲ್ಲಿ ಓದಿದವರೂ ಇರುವ ಅದೇ ಪಟ್ಟಿಯಲ್ಲಿ ಸೀಟಿಗಾಗಿ ನಿಲ್ಲಬೇಕು.

ಇಲ್ಲಿ ಕನ್ನಡದ ಪರವಾಗಿ ವಾದಿಸುವ ನಮ್ಮಂತಹವರಿಗೆ ತೊಡಕಾಗುವ ಒಂದು ಸಂಗತಿಯನ್ನೂ ಹೇಳಬೇಕು. ಹಾಡಿಯ ಮಗುವಿಗೆ ಕನ್ನಡವೇ ಮನೆಯ ನುಡಿಯಲ್ಲ. ಜೇನುಕುರುಬರ, ಯರವರ ನುಡಿಗಳು ಶಾಲೆಯ ಕನ್ನಡಕ್ಕಿಂತ ಬೇರೆ. ಆ ಮಗುವಿಗೆ ಇಂಗ್ಲಿಷು ಎರಡನೆಯ ಗೋಡೆ, ಮೊದಲನೆಯದು ನಮ್ಮ ಕನ್ನಡ. ಆಸ್ಪತ್ರೆಗೆ ಬಂದ ಹಾಡಿಯ ಮುದುಕನ ಮೌನವನ್ನು ಮೈಸೂರಿನ ಕನ್ನಡಿಗ ವೈದ್ಯರೂ ಸಂಕೋಚವೆಂದೇ ತಿಳಿಯುವುದುಂಟು. 'ಇಂಗ್ಲಿಷಿನ ಯಜಮಾನಿಕೆ' ಎಂದು ನಾವು ಸೆಮಿನಾರುಗಳಲ್ಲಿ ಬಳಸುವ ಪದಪುಂಜವನ್ನು ಅವನು ಯಾರ ಕಡೆಗೆ ತಿರುಗಿಸಿಯಾನು ಎಂಬುದನ್ನು ನಾವು ಹೆಚ್ಚು ಯೋಚಿಸಿದಂತಿಲ್ಲ.

ಈ ಪ್ರದೇಶದಲ್ಲಿ ವೈದ್ಯವಿದ್ಯೆ ಮತ್ತು ಗ್ರಾಮಗಳ ಸಂಬಂಧಕ್ಕೆ ಹಿರಿದಾದ ಚರಿತ್ರೆಯೇ ಇದೆ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಅದೇ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಕಬಿನಿ ಜಲಾಶಯ ಮತ್ತು ಅರಣ್ಯ ಯೋಜನೆಗಳಿಂದ ನೆಲೆ ಕಳೆದುಕೊಂಡ ಹೆಗ್ಗಡದೇವನಕೋಟೆಯ ಆದಿವಾಸಿಗಳ ನಡುವೆ ಕೆಲಸ ಮಾಡಿದರು. ಹೊಸಹಳ್ಳಿಯ ಶಾಲೆ, ಸರಗೂರಿನ ಆಸ್ಪತ್ರೆ ಆ ಪ್ರಯತ್ನದ ಫಲಗಳು. ವೈದ್ಯಪದವೀಧರರ ಕಡ್ಡಾಯ ಸೇವೆಗೆಂದು ರಾಜ್ಯವು 2012ರಲ್ಲಿ ಕಾಯ್ದೆ ಮಾಡಿತು, ಮುಂದೆ ಅದನ್ನು ಸಡಿಲಿಸಿತು. ಇತ್ತೀಚೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪ್ರತಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು 'ದತ್ತು' ಪಡೆಯಬೇಕೆಂದು ಪಠ್ಯಕ್ರಮದಲ್ಲಿ ಸೇರಿಸಿದೆ. ಮನೆಯ ಹಿರಿಯರು ಜೀವಂತವಿರುವಾಗ ಹತ್ತೊಂಬತ್ತರ ಹುಡುಗ ಆ ಕುಟುಂಬವನ್ನು ದತ್ತು ಪಡೆಯುವುದೆಂದರೇನೋ ನನಗೆ ಅರ್ಥವಾಗಿಲ್ಲ. ಅದಿರಲಿ. ಈ ಎಲ್ಲ ಉಪಕ್ರಮಗಳ ಚಲನೆಯ ದಿಕ್ಕು ಒಂದೇ: ನಗರದಿಂದ ಹಳ್ಳಿಗೆ, ಹಳ್ಳಿಯಿಂದ ಕಾಡಿಗೆ. ಸೇವೆಯ ಹೆಸರಿನಲ್ಲಿ ಕೆಳಗಿಳಿಯುವ ಮೆಟ್ಟಿಲುಗಳು ಹಲವು. ಮೇಲೇರುವ ಮೆಟ್ಟಿಲು ಅಪರೂಪ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಈ ತಾಲ್ಲೂಕುಗಳಲ್ಲಿ ಹೊರಗಿನ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯದ ಅವಕಾಶ ನೀಡುವ ಪ್ರತಿ ಒಡಂಬಡಿಕೆಯಲ್ಲೂ, ಬರುವ ಇಂಟರ್ನ್ ಒಬ್ಬರಿಗೆ ಪ್ರತಿಯಾಗಿ ಪದವಿಪೂರ್ವ ವಿಜ್ಞಾನ ಓದುತ್ತಿರುವ ಸ್ಥಳೀಯ ವಿದ್ಯಾರ್ಥಿಯೊಬ್ಬರು ಇಂಟರ್ನ್ ಎಂಬ ಹೆಸರಿನಿಂದಲೇ ಸೇರಬೇಕು. ದುಭಾಷಿ ಎಂಬ ಹೆಸರಿನಿಂದಲ್ಲ. ಅವರಿಗೆ ಎರಡು ವರ್ಷಗಳ ಕಾಲ ವಿಜ್ಞಾನದ ಪಾಠ, ಕನ್ನಡದಿಂದ ಇಂಗ್ಲಿಷಿಗೆ ದಾಟುವ ಸೇತು ಶಿಕ್ಷಣ, ವಸತಿ, ಪ್ರವೇಶ ಪರೀಕ್ಷೆಯ ಸಿದ್ಧತೆ ದೊರೆಯಬೇಕು. ಇಷ್ಟರಿಂದ ಎಲ್ಲರೂ ವೈದ್ಯರಾಗುವುದಿಲ್ಲ. ಕೆಲವರು ದಾದಿಯರೋ ಪ್ರಯೋಗಾಲಯದ ತಂತ್ರಜ್ಞರೋ ಆಗಬಹುದು, ಕೆಲವರು ಕನ್ನಡ ಎಂ.ಎ.ಗೇ ಬರಬಹುದು. ಭಾಷೆ ತಿಳಿದವರು ವೈದ್ಯರಾದರೆ ಸಾಕು, ಊರಿನಲ್ಲೇ ಉಳಿಯುತ್ತಾರೆ ಎಂಬ ಭರವಸೆಯನ್ನೂ ನಾನು ಕೊಡಲಾರೆ. ಉಳಿಯಬೇಕೆಂಬ ಷರತ್ತನ್ನು ಹಳ್ಳಿಯ ಮಗುವಿಗೆ ಮಾತ್ರ ಹಾಕುವುದು ನ್ಯಾಯವೂ ಅಲ್ಲ.

ಇದರಲ್ಲಿ ಕನ್ನಡ ವಿಭಾಗಗಳ ಪಾತ್ರವೇನು? ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತು ರಚಿಸಿದ ಖಗೇಂದ್ರಮಣಿದರ್ಪಣವನ್ನು ನಾವು ಶಾಸ್ತ್ರಸಾಹಿತ್ಯದ ಪಾಠದಲ್ಲಿ ಹೆಸರಿಸುತ್ತೇವೆ. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರು 'ತಾಯಿ ಮಗು'ವಿನಂತಹ ಕೃತಿಯ ಮೂಲಕ ಕನ್ನಡದ ಹೆಣ್ಣುಮಕ್ಕಳೊಡನೆ ದೇಹದ ವಿಷಯವನ್ನು ನೇರವಾಗಿ ಮಾತನಾಡಿದರೆಂದು ಮಹಿಳಾ ಸಾಹಿತ್ಯದ ಪಾಠದಲ್ಲಿ ಹೇಳುತ್ತೇವೆ. ಕೃಷಿ, ಕುಂಬಾರಿಕೆ, ನೇಯ್ಗೆಗಳ ವೃತ್ತಿಪದಗಳನ್ನು ಸಂಗ್ರಹಿಸಿದ್ದೇವೆ. ಆದರೆ ಜನರು ತಮ್ಮ ನೋವನ್ನು ಹೇಳಿಕೊಳ್ಳುವ ಪದಗಳನ್ನು ತಾಲ್ಲೂಕುವಾರು, ಸಮುದಾಯವಾರು ಸಂಗ್ರಹಿಸಿ ವೈದ್ಯರ ಕೈಗಿಡಬಹುದಾದ ಕೋಶವನ್ನು ಈ ನಾಲ್ಕು ತಾಲ್ಲೂಕುಗಳಿಗೆ ಕನ್ನಡ ವಿಭಾಗವೇ ಸಿದ್ಧಪಡಿಸಬೇಕಲ್ಲವೇ? ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 'ಬಳಕೆ ಕನ್ನಡ' ಪಠ್ಯಪುಸ್ತಕ ಬಂದಿದೆ. 2019ರ ವೈದ್ಯಕೀಯ ಪಠ್ಯಕ್ರಮದ ಬುನಾದಿ ತರಗತಿಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಅವಕಾಶ ಕಲ್ಪಿಸಲಾಗಿದೆ. ಆ ಅವಧಿಯಲ್ಲಿ ಬಸ್ ನಿಲ್ದಾಣ ಎಲ್ಲಿದೆ ಎಂಬಂತಹ ವಾಕ್ಯಗಳನ್ನು ಕಲಿಸುವುದಕ್ಕಿಂತ ಸಂಕಟ, ನಂಜು, ಸೆಳೆತ, ಜೋಮು ಇವುಗಳನ್ನು ಕಲಿಸಬಹುದು.

ಇಂತಹ ಕೋಶದ ಕೆಲಸವನ್ನು ಪದವಿಪೂರ್ವ ತರಗತಿಯ ಸ್ಥಳೀಯ ಇಂಟರ್ನ್‌ಗಳೇ ಆರಂಭಿಸಬಲ್ಲರು. ತಮ್ಮ ಅಜ್ಜಿಯರಿಂದ, ಸೂಲಗಿತ್ತಿಯರಿಂದ, ಬ್ಯಾರನ್ ಕೆಲಸದವರಿಂದ ಪದಗಳನ್ನು ಬರೆದುಕೊಂಡು, ಯಾರು, ಯಾವ ಊರಿನಲ್ಲಿ, ಯಾವ ಕಾಯಿಲೆಯ ಸಂದರ್ಭದಲ್ಲಿ ಹೇಳಿದರೆಂಬ ಟಿಪ್ಪಣಿಯನ್ನು ಸೇರಿಸಿದರೆ ಅದು ಭಾಷಾಧ್ಯಯನವೂ ಹೌದು, ವೈದ್ಯವೃತ್ತಾಂತದ ಅಭ್ಯಾಸವೂ ಹೌದು. ಸಂಗ್ರಾಹಕರ ಹೆಸರು ಕೃತಜ್ಞತೆಯ ಪುಟದಲ್ಲಿ ಬಂದರೆ ಸಾಲದು, ಮುಖಪುಟದಲ್ಲಿಯೇ ಇರಬೇಕು. ಹಾಡಿಗಳ ನುಡಿಗೆ ಪ್ರತ್ಯೇಕ ವಿಭಾಗವಿರಬೇಕು, ಮತ್ತು ಅದನ್ನು ಸಿದ್ಧಪಡಿಸುವ ಕೆಲಸ ಆ ನುಡಿಯವರದ್ದೇ ಆಗಬೇಕು.