ಬಂಗಾರಪೇಟೆ ಪಾನಿಗೆ ಬಣ್ಣವೇಕೆ?



ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ನಮ್ಮ ಕಡೆಯ ಹೆಸರು ಎಂದು ಹಿಗ್ಗಿ ಹೋದರೆ ಕೆಲವೆಡೆ ಕೊಡುವುದು ಕಡುಹಸಿರು ಪಾನಿ! ಬಂಗಾರಪೇಟೆ ಪಾನಿಪೂರಿಯ ಗುರುತೇ ತಿಳಿನೀರಿನಂಥ ಪಾನಿ. ನೋಡಲು ಏನೂ ಇಲ್ಲ. ಪೂರಿ ಬಾಯಲ್ಲಿ ಒಡೆದ ಮೇಲೆ ಖಾರ ನೆತ್ತಿಗೇರುತ್ತದೆ. ಹೊಸಬರು ‘ಇದೇನ್ರೀ, ಬರೀ ನೀರು’ ಎಂದು ಮೂಗು ಮುರಿಯುವುದನ್ನು ನೋಡುವುದೇ ನಮಗೊಂದು ಮೋಜು. ಮರುಗಳಿಗೆಯಲ್ಲಿ ಅವರೇ ತಟ್ಟೆ ಮುಂದೆ ಚಾಚುತ್ತಾರೆ.

ಬಂಗಾರಪೇಟೆಯ ಪಕ್ಕದ ನಮ್ಮ ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಇಲ್ಲಿಯ ಎಷ್ಟೋ ಮಂದಿಗೆ ಬೆಂಗಳೂರಿನ ರೈಲೇ ಅನ್ನದ ದಾರಿ. ದುಡಿದು ದಣಿದು ಬರುವ ಸಂಜೆ ಬಂಗಾರಪೇಟೆಯಲ್ಲಿಳಿದು ಒಂದು ಪ್ಲೇಟ್ ತಿನ್ನುವುದು ಸಣ್ಣ ಸುಖವೇನಲ್ಲ.

2024ರಲ್ಲಿ ರಾಜ್ಯದ ಪಾನಿಪೂರಿ ಮಾದರಿಗಳಲ್ಲಿ ಕೃತಕ ಬಣ್ಣ ಪತ್ತೆಯಾಗಿ ದೊಡ್ಡ ಸುದ್ದಿಯಾಗಿತ್ತು. ಬಣ್ಣವೇ ಬೇಡದ ಪಾನಿ ನಮ್ಮಲ್ಲೇ ಇದೆಯಲ್ಲ! (ನೀರು ಶುದ್ಧವಾಗಿರಬೇಕು, ಅದು ಬೇರೆ ಮಾತು.) ಊರಿನ ಹೆಸರು ಹಾಕಿಕೊಂಡವರು ದಯವಿಟ್ಟು ಊರಿನ ಪಾನಿಯನ್ನೇ ಕೊಡಲಿ.

– ಓದುಗ, ರಾಬರ್ಟ್‌ಸನ್‌ಪೇಟೆ, ಕೆಜಿಎಫ್