ಹಸಿದ ಮನಸ್ಸು, ಕುಕ್ಕುವ ಬೆರಳು

ಹೊಟ್ಟೆ ಹಸಿದಾಗ ದೇಹ ಅನ್ನ ಕೇಳುತ್ತದೆ, ಗಂಟಲು ಒಣಗಿದಾಗ ನೀರು ಕೇಳುತ್ತದೆ. ಒಂಟಿತನವೂ ಇಂಥದೇ ಒಂದು ಸೂಚನೆ ಎಂದು ವಿವರಿಸಿದವರು ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನ್ ಕ್ಯಾಸಿಯೊಪ್ಪೊ (1951–2018). ಗುಂಪಿನಿಂದ ಬೇರಾದ ಆದಿಮಾನವ ಕಾಡಿನಲ್ಲಿ ಬದುಕಿ ಉಳಿಯುವುದು ಕಷ್ಟವಿತ್ತು. ‘ನಿನ್ನವರನ್ನು ಸೇರಿಕೋ’ ಎಂದು ಎಚ್ಚರಿಸುವ ನೋವು ಅದು. ಆದ್ದರಿಂದ ಒಂಟಿತನ ಕಾಡುವುದು ನಾಚಿಕೆಯ ಸಂಗತಿಯಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ, ಊರು ಬಿಟ್ಟು ಹಾಸ್ಟೆಲು ಸೇರಿದ ವಿದ್ಯಾರ್ಥಿಗೆ ಈ ಹಸಿವು ಹೆಚ್ಚು. ಹಳೆಯ ಗೆಳೆಯರು ದೂರವಾಗಿರುತ್ತಾರೆ, ಹೊಸಬರು ಇನ್ನೂ ಹತ್ತಿರವಾಗಿರುವುದಿಲ್ಲ. ಇನ್‌ಸ್ಟಾಗ್ರಾಂಗೆ ಒಂದು ಚಿತ್ರ ಹಾಕಿ, ಯಾರು ಮೆಚ್ಚಿದರೆಂದು ಐದೈದು ನಿಮಿಷಕ್ಕೊಮ್ಮೆ ಮೊಬೈಲು ನೋಡುತ್ತಾನೆ. ಹಸಿವು ಇಂಗುವುದಿಲ್ಲ. ಆದರೂ ಕೈ ಅದನ್ನು ಬಿಡುವುದಿಲ್ಲ. ಏಕೆ?

ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಪಾರಿವಾಳಗಳು ಇದಕ್ಕೆ ಉತ್ತರ ಹೇಳುತ್ತವೆ. ಪೆಟ್ಟಿಗೆಯೊಳಗಿನ ಪಾರಿವಾಳ ಬಿಲ್ಲೆಯೊಂದನ್ನು ಕುಕ್ಕಿದರೆ ಕಾಳು ಸಿಗುತ್ತಿತ್ತು. ಆದರೆ ಎಷ್ಟು ಸಲ ಕುಕ್ಕಬೇಕೆಂಬುದು ಪ್ರತಿ ಬಾರಿಯೂ ಬದಲಾಗುತ್ತಿತ್ತು. ಪಾರಿವಾಳ ಬಿಡುವಿಲ್ಲದೆ ಕುಕ್ಕತೊಡಗಿತು. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಸ್ಕಿನ್ನರ್ ಮತ್ತು ಫರ್ಸ್ಟರ್ ಇಂಥ ಪ್ರಯೋಗಗಳ ದೊಡ್ಡ ಗ್ರಂಥವನ್ನೇ 1957ರಲ್ಲಿ ಪ್ರಕಟಿಸಿದರು. 2009ರಲ್ಲಿ ಫೇಸ್‌ಬುಕ್‌ಗೆ ಬಂದ ‘ಲೈಕ್’ ಗುಂಡಿಯೂ ಹೀಗೆಯೇ ಕೆಲಸ ಮಾಡುತ್ತದೆ. ಮೆಚ್ಚುಗೆ ಯಾವಾಗ ಬರುತ್ತದೋ ತಿಳಿಯದು, ಅದಕ್ಕೇ ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಮೇಲಾಗಿ, ‘ಸಾಕು’ ಎಂದು ತಡೆಯಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ.

ಪೋಷಕರು ಗಮನಿಸಬೇಕಾದದ್ದು ಇಷ್ಟು: ಮೊಬೈಲು ಕಿತ್ತುಕೊಂಡರೆ ಬಿಲ್ಲೆ ಹೋಗುತ್ತದೆ, ಹಸಿವು ಉಳಿಯುತ್ತದೆ. ಹಾಸ್ಟೆಲಿಗೆ ಫೋನು ಮಾಡಿದಾಗ ‘ಟೆಸ್ಟಿನಲ್ಲಿ ಎಷ್ಟು ಬಂತು?’ ಎನ್ನುವ ಮೊದಲು ‘ಊಟಕ್ಕೆ ಯಾರ ಜೊತೆ ಕೂರುತ್ತೀಯ?’ ಎಂದು ಕೇಳಿ. ಮಗು ತಡವರಿಸಿದರೆ ಮುಂದಿನ ಭಾನುವಾರವೇ ಹೋಗಿ ಬನ್ನಿ.

ವಿದ್ಯಾರ್ಥಿಗಳೇ, ಮೊಬೈಲಿನ ಸೂಚನೆಗಳ ಸದ್ದು ಆರಿಸಿ. ಮಲಗುವಾಗ ಅದನ್ನು ಕೈಗೆಟುಕದಂತೆ ಇಡಿ. ದಿನಕ್ಕೊಮ್ಮೆಯಾದರೂ ಒಬ್ಬ ಸಹಪಾಠಿಯೊಡನೆ ಆಡಿ, ಇಲ್ಲವೇ ಕೂಡಿ ಓದಿ. ಅಜ್ಜಿಗೆ ಫೋನು ಮಾಡಿ ಮಾತಾಡಲೂ ಇದೇ ಮೊಬೈಲು ಸಾಕು.

ಇಷ್ಟಾದರೂ ನಿದ್ದೆ, ಓದು ಕೆಡುತ್ತಿದ್ದರೆ ನೆರವು ಕೇಳಲು ಹಿಂಜರಿಯಬೇಡಿ. ತಂತ್ರಜ್ಞಾನದ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಚಿಕಿತ್ಸಾಲಯ ಆರಂಭಿಸಿತು. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.